ಎರಡು ಎತ್ತರದ ಅಡುಗೆಕಟ್ಟೆ

ಮನೆಯವರೆಲ್ಲ ಅವಳನ್ನು ಗೀಚಿ ಎಂದೇ ಕರೆಯುತ್ತಿದ್ದರು. ನೆಟ್ಟಗೆ ಮಾತು ಬರುವ ಮೊದಲೇ ಪೆನ್ಸಿಲ್ ಹಿಡಿದು ಗೋಡೆಗಳನ್ನೆಲ್ಲ ಗೀಚಿಹಾಕಿದ್ದಕ್ಕೆ ಅಜ್ಜಿ ಇಟ್ಟ ಹೆಸರು ಅದು. ಅವಳು ಆರ್ಕಿಟೆಕ್ಚರ್ ಕಾಲೇಜು ಸೇರಿದಾಗ ಅಪ್ಪ, "ಇನ್ಮೇಲೆ ಗೋಡೆ ನೀನೇ ಕಟ್ಟು, ನೀನೇ ಗೀಚು," ಎಂದು ನಕ್ಕುಬಿಟ್ಟ.

ಮೊದಲ ವರ್ಷಕ್ಕೆ ವಿನ್ಯಾಸ ಕಲಿಸುವ ಮೇಡಂ ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿತ್ತು. ವಿದ್ಯಾರ್ಥಿಗಳ ಬಾಯಲ್ಲಿ ಅವರು ಟೇಪಮ್ಮ. ಮೂರು ವಾರ ಸಮತೋಲನ, ಪ್ರಮಾಣ, ಲಯ ಎಂದು ಬೋರ್ಡಿನ ಮೇಲೆ ಬರೆದು ವಿವರಿಸಿದ ಅವರು ನಾಲ್ಕನೆಯ ವಾರ ಕೈ ಕೊಡವಿಕೊಂಡು, "ನಿಮ್ಮನೇಲಿರೋ ಒಂದು ಕೋಣೆ ಆರಿಸ್ಕೊಳ್ಳಿ. ಅದನ್ನ ಇನ್ನೂ ಚೆನ್ನಾಗಿ ಮಾಡಿ ತೋರಿಸಿ," ಎಂದರು.

ಗೀಚಿ ಅಡುಗೆಮನೆಯನ್ನು ಆರಿಸಿಕೊಂಡಳು. ಮನೆಯ ಜಗಳಗಳೆಲ್ಲ ಹುಟ್ಟುತ್ತಿದ್ದುದೇ ಅಲ್ಲಿ. ಅಮ್ಮ ನರ್ಸು, ಪಾಳಿ ಮುಗಿಸಿ ಬಂದರೆ ತಟ್ಟೆ ಮುಂದೆ ಕೂರುವಷ್ಟೇ ತ್ರಾಣ ಅವಳಿಗೆ. ಅಡುಗೆಯೇನಿದ್ದರೂ ಅಪ್ಪನದು ಮತ್ತು ಅಜ್ಜಿಯದು. ಅಪ್ಪ ಬಸ್ ಡ್ರೈವರ್, ಆರಡಿ ಮೂರಂಗುಲದ ಆಳು. ಅಜ್ಜಿ ಅಮ್ಮನ ತಾಯಿ, ನಾಲ್ಕೂವರೆ ಅಡಿ. ಮಾತು ಮಾತ್ರ ಹತ್ತಡಿ. ಅಪ್ಪ ಸೊಂಟ ಹಿಡಿದುಕೊಂಡು, "ಈ ಕಟ್ಟೆ ತೀರಾ ತಗ್ಗಾಯ್ತು," ಎಂದರೆ ಅಜ್ಜಿ ಮಣೆಯ ಮೇಲೆ ನಿಂತುಕೊಂಡೇ ತಿರುಗಿಸಿ ಕೊಡುತ್ತಿದ್ದಳು: "ಕುಣೀಲಾರದವರಿಗೆ ನೆಲ ಡೊಂಕಂತೆ, ಅಳಿಯಂದಿರೇ. ಎತ್ತರ ಆಗಿ ನಾನಿಲ್ಲಿ ದಿನಾ ಪರ್ವತ ಹತ್ತಿ ಇಳೀತಿದೀನಿ!"

ಗೀಚಿ ಮೂರು ದಿನ ಕೂತು ನಕ್ಷೆ ಬರೆದಳು. ನಟ್ಟನಡುವೆ ಒಲೆ, ಎಡಕ್ಕೊಂದು ಕಿಟಕಿ, ಬಲಕ್ಕೊಂದು ಕಿಟಕಿ, ಎರಡೂ ಕಡೆ ಒಂದೇ ಅಳತೆಯ ಕಟ್ಟೆ. ಕನ್ನಡಿ ಹಿಡಿದ ಹಾಗಿತ್ತು. ಬಣ್ಣವನ್ನೂ ತುಂಬಿದಳು.

ಟೇಪಮ್ಮ ಅದನ್ನು ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದಾಗಿದೆ ಎನ್ನಲಿಲ್ಲ. ಕೈಗೊಂದು ಸೀಮೆಸುಣ್ಣ ಕೊಟ್ಟು, "ಇದನ್ನೇ ಹೊರಗಡೆ ನೆಲದ ಮೇಲೆ ನಿಜವಾದ ಅಳತೇಲಿ ಬರಿ," ಎಂದರು. ಬರೆದು ಮುಗಿಸಿದಾಗ, "ಈಗ ನಂಗೊಂದು ಲೋಟ ಚಹಾ ಮಾಡ್ಕೊಡು," ಎಂದರು.

ತರಗತಿಯೆಲ್ಲ ಸುತ್ತ ನೆರೆಯಿತು. ಗೀಚಿ ಒಂದು ಮೂಲೆಯಲ್ಲಿ ಇಲ್ಲದ ಪಾತ್ರೆ ಎತ್ತಿಕೊಂಡಳು, ಇನ್ನೊಂದು ಮೂಲೆಗೆ ಹೋಗಿ ಬಾರದ ನೀರು ಹಿಡಿದಳು, ನಡುವಿನ ಒಲೆಗೆ ಬಂದಳು. ಅವಳ ಹೆಜ್ಜೆಗಳನ್ನು ಗೆಳೆಯರು ಜೋರಾಗಿ ಎಣಿಸತೊಡಗಿದರು. ಹಾಲಿಗೆಂದು ಹೋದರೆ, ಫ್ರಿಜ್ಜಿನ ಬಾಗಿಲಾಗಿ ತೋಳು ಚಾಚಿ ನಿಂತಿದ್ದ ಗೆಳತಿ ಬಾಗಿಲು ತೆರೆದಳು. ತೋಳು ನೇರವಾಗಿ ಗೀಚಿಯ ಮೂಗಿಗೆ ಬಡಿಯಿತು. ಸಕ್ಕರೆ, ಚಹಾಪುಡಿ, ಸೋಸುವ ಜಾಲರಿ ಎಲ್ಲ ಮುಗಿಯುವಾಗ "ನಲವತ್ತೊಂದು!" ಎಂದು ಕೂಗೆದ್ದಿತು.

"ಈ ಚಹಾ ನನ್ನ ಕೈ ಸೇರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ," ಎಂದರು ಟೇಪಮ್ಮ. ಗೀಚಿಗೆ ನಾಚಿಕೆಯೂ ನಗೆಯೂ ಒಟ್ಟಿಗೇ ಬಂದವು.

"ಎರಡು ಕಡೆ ಒಂದೇ ಥರ ಇದ್ರೆ ಸಮತೋಲನ ಅನ್ಕೊಂಡ್ಯಾ?" ಟೇಪಮ್ಮನ ದನಿ ಮೆತ್ತಗಾಯಿತು. "ಇಲ್ಲಿ ನಿಂತು ಅಡುಗೆ ಮಾಡೋರು ಯಾರು?"

"ಅಪ್ಪ ಮತ್ತೆ ಅಜ್ಜಿ."

"ಅವರ ಮೊಣಕೈ ನೆಲದಿಂದ ಎಷ್ಟು ಎತ್ತರಕ್ಕಿದೆ?"

ಗೀಚಿ ತನ್ನ ಮೊಣಕೈಯನ್ನೇ ನೋಡಿಕೊಂಡಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಊರವರು ಹೇಳಲಿ. ಕಾಲು ಇದ್ದಷ್ಟು ಹಾಸಿಗೆ ಮಾಡೋದು ನಮ್ಮ ಕೆಲಸ. ಹೋಗು, ಅಳೆದುಕೊಂಡು ಬಾ."

ಟೇಪು ಹಿಡಿದು ಬಂದ ಮೊಮ್ಮಗಳನ್ನು ಕಂಡು ಅಜ್ಜಿ, "ಅಂಗಿ ಹೊಲಿಸ್ತೀಯೇನೇ?" ಎಂದು ಕೈ ಮೇಲೆತ್ತಿ ನಿಂತಳು. ಅಜ್ಜಿಯ ಮೊಣಕೈ ಎಂಬತ್ತಾರು ಸೆಂಟಿಮೀಟರ್ ಎತ್ತರದಲ್ಲಿತ್ತು, ಅಪ್ಪನದು ನೂರ ಹತ್ತೊಂಬತ್ತು. ಕಟ್ಟೆ ಎಂಬತ್ತೈದು; ಆರಾಮಾಗಿ ಕೆಲಸ ಮಾಡಲು ಅದು ಮೊಣಕೈಗಿಂತ ಹದಿನೈದರಷ್ಟು ಕೆಳಗಿರಬೇಕಿತ್ತು. ಗೀಚಿ ಬರೆದ ಅಂಕಿಗಳನ್ನೇ ನೋಡುತ್ತ ಕುಳಿತಳು. ಇಷ್ಟು ವರ್ಷ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಭಾನುವಾರವಿಡೀ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತಳು. ಒಲೆ ಅಜ್ಜಿಯ ರಾಜ್ಯ, ತೊಳೆಯುವುದು ಹೆಚ್ಚುವುದು ಅಪ್ಪನ ಪಾಲು. ಪಾತ್ರೆಯೊಳಗೆ ಇಣುಕಲು ಅಜ್ಜಿ ಮಣೆಯ ಮೇಲೂ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಅಪ್ಪ ತರಕಾರಿ ಹೆಚ್ಚುವಾಗ ನೀರು ಕುಡಿಯುವ ಜಿರಾಫೆಯ ಹಾಗೆ ಕಾಲು ಅಗಲಿಸುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಸಾರಿಗೆ ಉಪ್ಪು ಹಾಕುತ್ತಿದ್ದರು. ಅದನ್ನು ಗೀಚಿ ಬರೆದುಕೊಂಡಳು, ಬಾಯಿ ಬಿಡಲಿಲ್ಲ.

ಹೊಸ ನಕ್ಷೆಯಲ್ಲಿ ಕಟ್ಟೆ ಎರಡು ಎತ್ತರದ್ದಾಯಿತು. ಒಲೆಯ ಕಡೆ ಎಪ್ಪತ್ತೆರಡು, ತೊಳೆಯುವ ಕಡೆ ನೂರ ನಾಲ್ಕು. ತಗ್ಗಿನ ಕಡೆಗೆ ದೊಡ್ಡ ಕಿಟಕಿ, ಎತ್ತರದ ಕಡೆಗೆ ಸಣ್ಣದು. ಎಡಬಲ ಒಂದೇ ಥರ ಇರಲಿಲ್ಲ, ಆದರೂ ಕಣ್ಣು ಎಲ್ಲೂ ಎಡವುತ್ತಿರಲಿಲ್ಲ. ಚಹಾಕ್ಕೆ ಹದಿನಾಲ್ಕೇ ಹೆಜ್ಜೆ.

ಕಾಲೇಜಿನಲ್ಲಿ ನಕ್ಷೆಗಳಿಗೆ ದರ್ಜೆ ಕೊಡುವ ದಿನ ಅವಳು ರಟ್ಟಿನಲ್ಲಿ ನಿಜವಾದ ಅಳತೆಯ ಕಟ್ಟೆ ಮಾಡಿ ನಿಲ್ಲಿಸಿ, ಅಪ್ಪನನ್ನೂ ಅಜ್ಜಿಯನ್ನೂ ಕರೆತಂದಳು. ನೋಡಲು ಬಂದಿದ್ದ ಹೊರಗಿನ ಆರ್ಕಿಟೆಕ್ಟ್ ಹುಬ್ಬೇರಿಸಿ, "ಇದೇನಮ್ಮ, ಮುರಿದ ಮೆಟ್ಟಿಲ ಹಾಗಿದೆ?" ಎಂದರು.

ಗೀಚಿ ಬಾಯಿ ತೆರೆಯುವ ಮೊದಲೇ ಅಜ್ಜಿ ಮುಂದೆ ಹೋಗಿ, ರಟ್ಟಿನ ಒಲೆಯ ಮೇಲಿದ್ದ ಪಾತ್ರೆಯೊಳಗೆ ನೋಡಿದಳು. "ಅಯ್ಯೋ! ತಳ ಕಾಣ್ಸುತ್ತೆ ಕಣೇ! ಇಷ್ಟು ದಿನ ಬರೀ ಹಬೆ ನೋಡ್ಕೊಂಡು ಅಡುಗೆ ಮಾಡಿದ್ದೀನಿ!"

ಅತ್ತ ಅಪ್ಪ ನೆಟ್ಟಗೆ ನಿಂತು ಇಲ್ಲದ ತರಕಾರಿ ಹೆಚ್ಚಿದ. ಹುರುಪಿನಲ್ಲಿ ಮೊಣಕೈ ಊರಿದ್ದೇ ತಡ, ರಟ್ಟು ಕುಸಿದು, ಸಿಂಕಿನ ಸಮೇತ ಮೊಣಕಾಲ ಮೇಲೆ ಬಿದ್ದ. ಆರ್ಕಿಟೆಕ್ಟ್ ಕೂಡ ನಗು ತಡೆಯಲಾಗದೆ ಅವನನ್ನು ಎಬ್ಬಿಸಿದರು.

"ನಾಳೆ ಇಲ್ಲಿ ಬೇರೆ ಯಾರಾದ್ರೂ ಅಡುಗೆ ಮಾಡಿದ್ರೆ?" ಅವರು ಕೇಳಿದರು.

ಗೀಚಿ ಅದನ್ನು ಯೋಚಿಸಿಯೇ ಇರಲಿಲ್ಲ. ಕುಸಿದ ರಟ್ಟಿನ ಬುಡ ನೋಡುತ್ತ, "ಕಟ್ಟೆ ಕಾಲುಗಳಿಗೆ ತಿರುಪು ಹಾಕಿಸ್ತೀನಿ ಸರ್. ಬೇಕಾದಷ್ಟು ಏರಿಸ್ಬಹುದು, ಇಳಿಸ್ಬಹುದು," ಎಂದಳು. ಟೇಪಮ್ಮ ಕೊರಳಿನ ಟೇಪು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು. ಖುಷಿಯಾದಾಗ ಅವರು ಹಾಗೆಯೇ. ನಕ್ಷೆಯ ಗೆರೆಗಳು ಒರಟೆಂದು ಅವಳಿಗೆ ಬಂದದ್ದು ಬಿ ದರ್ಜೆ.

ರಜೆಯಲ್ಲಿ, ಬಡಗಿ ಕೆಲಸದ ಚಿಕ್ಕಪ್ಪ ಅದೇ ನಕ್ಷೆ ನೋಡಿಕೊಂಡು ಮನೆಯಲ್ಲಿ ನಿಜವಾದ ಕಟ್ಟೆ ಮಾಡಿಕೊಟ್ಟ. ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದ ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅಪ್ಪ ಹೆಚ್ಚುತ್ತಿದ್ದ, ಅಜ್ಜಿ ಕದಡುತ್ತಿದ್ದಳು. ಒಬ್ಬರದೂ ಮಾತಿಲ್ಲ.

"ಯಾಕೆ ಇಷ್ಟು ನಿಶ್ಶಬ್ದ?" ಅಮ್ಮ ಗಾಬರಿಯಿಂದ ಅಪ್ಪನ ಹಣೆ ಮುಟ್ಟಿದಳು. "ಯಾರಿಗಾದ್ರೂ ಹುಷಾರಿಲ್ವಾ?"

"ಸ್ವಲ್ಪ ತಡಿಯೇ," ಎಂದಳು ಅಜ್ಜಿ, ತಿರುಗಿಯೂ ನೋಡದೆ. "ಜಗಳಕ್ಕೆ ಹೊಸ ಕಾರಣ ಹುಡುಕ್ತಾ ಇದೀವಿ."