ಬಂಗಲೆಯ ಒಗೆಯುವ ಮನೆ

ದೊಡ್ಡ ಬಂಗಲೆಯ ಹಿತ್ತಲಿನ ಒಗೆಯುವ ಮನೆಯನ್ನು ಗಾರೆಯವನು ಕೊಂಡಾಗ ಅವನ ಹೆಂಡತಿ ಹಣೆ ಚಚ್ಚಿಕೊಂಡಳು. ಮೂರು ತಲೆಮಾರು ಬಂಗಲೆಯವರ ಬಟ್ಟೆ ಕಂಡ ಕಟ್ಟಡ ಅದು. ಅವನ ಅಮ್ಮ ಮೂವತ್ತು ವರ್ಷ ಅಲ್ಲೇ ಬೆನ್ನು ಬಗ್ಗಿಸಿ ಒಗೆದಿದ್ದಳು. ಈಗ ಅವಳಿಗೆ ಮರೆವು. ದುಡಿದ ಜಾಗದಲ್ಲೇ ಯಜಮಾನಿಯ ಹಾಗೆ ಕಾಲು ಚಾಚಿ ಕೂರಲಿ ಎಂಬುದು ಇವನ ಹಟ. ಹಟಕ್ಕೆ ಬಿದ್ದವನಿಗೆ ಯಾರು ಬುದ್ಧಿ ಹೇಳಬೇಕು! ಅದಕ್ಕೆಂದು ತಾನು ಹುಟ್ಟಿ ಬೆಳೆದ ಪುಟ್ಟ ಮನೆಯನ್ನು ಮಾರಿಯೇಬಿಟ್ಟ. ಕೊಂಡವರು ಅದನ್ನು ಕೆಡವಿಯೂ ಆಯಿತು.

ಕೆಲಸವನ್ನೇನೋ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಮಾಡಿದ, ಅಷ್ಟು ಹೇಳಲೇಬೇಕು. ಉದುರುತ್ತಿದ್ದ ಗೋಡೆಗೆ ಸುಣ್ಣದ ಗಾರೆ ಮೆತ್ತಿದ. ಹಂಡೆ ಒಲೆಯ ಜಾಗಕ್ಕೆ ಅಮ್ಮನ ಮಂಚ ಬಂತು. ಅಮ್ಮನಿಗೆ ಗುರುತು ಸಿಗಲಿ ಅಂತ ಕಲ್ಲಿನ ತೊಟ್ಟಿಗಳನ್ನು ಮಾತ್ರ ಹಾಗೇ ಉಳಿಸಿದ. ಅಲ್ಲೇ ಅವನು ಎಡವಿದ್ದು.

ಒಳಗೆ ಕಾಲಿಟ್ಟ ಅಮ್ಮ ತೊಟ್ಟಿ ನೋಡಿದಳು, ರವಿಕೆಯ ತೋಳು ಮೇಲಕ್ಕೆ ಮಡಚಿದಳು. ಅವತ್ತಿನಿಂದ ಕೂತಿದ್ದಿಲ್ಲ. ಹೊದಿಕೆ, ಪರದೆ, ದಿಂಬಿನ ಚೀಲ ಎಲ್ಲ ತೊಟ್ಟಿಗೆ. ಸೊಸೆ ಮೈಮೇಲೆ ತೊಟ್ಟಿದ್ದನ್ನು ಬಿಟ್ಟಿದ್ದೇ ಪುಣ್ಯ. ನೀರು ನಿಲ್ಲಿಸಿದರೆ ಒಣ ಕಲ್ಲಿನ ಮೇಲೇ ಉಜ್ಜುತ್ತಿದ್ದಳು. ಬೆರಳ ಸಂದು ಬಿರಿದು ರಕ್ತ ಬಂತು. ಮಂಚ ತೋರಿಸಿದರೆ, ಕೆಲಸದ ಹೊತ್ತಲ್ಲಿ ಮಲಗಿದರೆ ಸುಮ್ಮನೆ ಬಿಡುತ್ತಾರಾ ಅಂತ ನಡುಗುತ್ತಿದ್ದಳು. ಹೀಗೇ ಆದರೆ ಇವರ ಹೃದಯ ತಡೆಯೋದಿಲ್ಲ, ಹೇಗಾದರೂ ವಿಶ್ರಾಂತಿ ಕೊಡಿಸಿ ಎಂದರು ಡಾಕ್ಟರು. ಹೇಗೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಒಂದು ಮಧ್ಯಾಹ್ನ ಗಾರೆಯವನು ತನ್ನ ಒಂದೇ ಒಂದು ಕೋಟು ತೊಟ್ಟು, ಬಂಗಲೆಯ ಹಳೇ ಮ್ಯಾನೇಜರನ ಗತ್ತಿನಲ್ಲಿ ಬಾಗಿಲಿಗೆ ಬಂದು ನಿಂತ.

“ಇವತ್ತಿನ ಕೆಲಸ ಮುಗೀತಮ್ಮ. ಇನ್ನು ಮನೆಗೆ ಹೋಗು.”

ಅಮ್ಮನ ಮುಖ ಅರಳಿತು. ಆ ಮುಖ ನೋಡಿ ಎಷ್ಟು ತಿಂಗಳಾಗಿತ್ತೋ! ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

“ಬರ್ತೀನಿ ಸ್ವಾಮಿ. ನನ್ನ ಮಗ ಪುಟ್ಟ ಒಬ್ನೇ ಇದಾನೆ, ಬಾಗಿಲಲ್ಲೇ ಕಾಯ್ತಿರ್ತಾನೆ ಪಾಪ.”

ಆ ಪುಟ್ಟನಿಗೆ ಈಗ ಐವತ್ತು ವರ್ಷ, ಎದುರಿಗೇ ನಿಂತಿದ್ದಾನೆ. ಅವನು ಪಕ್ಕಕ್ಕೆ ಸರಿದು, ಅವಳ ಹಿಂದೆಯೇ ನಡೆದ.

ಅಮ್ಮ ಒಂದು ತಿರುವಿನಲ್ಲೂ ದಾರಿ ತಪ್ಪಲಿಲ್ಲ. ನೆಟ್ಟಗೆ ಹಳೆಯ ಮನೆಯಿದ್ದ ಜಾಗಕ್ಕೇ ಹೋಗಿ ನಿಂತಳು. ಅಲ್ಲೀಗ ಕಾರುಗಳನ್ನು ನಿಲ್ಲಿಸುತ್ತಾರೆ. ಆ ಕಾರುಗಳ ನಡುವೆ ಅಲೆಯುತ್ತಾ ಪುಟ್ಟಾ, ಪುಟ್ಟಾ ಅಂತ ಗಂಟಲು ಕಟ್ಟುವವರೆಗೆ ಕೂಗಿದಳು. ಇವನು ತಡೆಯಲಾರದೆ, ನಾನೇ ಕಣಮ್ಮ ಅಂತ ಕೈ ಹಿಡಿದ.

ಅಮ್ಮ ತಿರುಗಿ ಆ ಕೋಟು ನೋಡಿ ಬೆಚ್ಚಿದಳು.

“ತಪ್ಪಾಯ್ತು ಸ್ವಾಮಿ, ಇನ್ನೂ ಬಟ್ಟೆ ಇತ್ತಾ?” ಎಂದವಳೇ, ರವಿಕೆಯ ತೋಳು ಮಡಚಿಕೊಳ್ಳುತ್ತಾ ಬಂದ ದಾರಿಯಲ್ಲೇ ಬೇಗ ಬೇಗ ಹೊರಟಳು.