ಬೇರಿನ ಬಾಗಿಲು ತೆರೆದೇ ಇತ್ತು

ಮುಸುಕಿನ ಜೋಳ ಮೊಣಕಾಲೆತ್ತರ ಬಂದಿತ್ತು. ಹೊಸ ಎಲೆಗಳ ಬುಡದಲ್ಲಿ, ನಡುನರದ ಎರಡೂ ಕಡೆ, ಬಿಳಿ ಪಟ್ಟೆ ಎದ್ದಿತ್ತು. ಯಜಮಾನ ಎರಡು ಎಲೆ ಹರಿದುಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಹಿಡಿದ.

"ನಿನ್ನ ಬೀಜಕ್ಕೆ ಮುಪ್ಪು ಬಂತು ಕಣೇ. ಮುಂದಿನ ಸಲ ಅಂಗಡಿ ಬೀಜ ತರೋಣ. ಉಳಿದಿರೋದನ್ನ ಕೋಳಿಗೆ ಹಾಕಿಬಿಡು."

ಹದಿನೆಂಟು ವರ್ಷದಿಂದ ಅವಳು ಆ ಬೀಜ ಉಳಿಸಿಕೊಂಡು ಬಂದಿದ್ದಳು. ಪ್ರತಿ ಕೊಯ್ಲಿನಲ್ಲೂ ಒಳ್ಳೆಯ ತೆನೆ ಆರಿಸಿ, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡುತ್ತಿದ್ದಳು. ಅವಳು ಅದನ್ನು ಕೋಳಿಗೆ ಹಾಕಲಿಲ್ಲ. ಗಂಡನ ತಂಗಿಯ ಮಗಳು ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದಳು; ಅವಳಿಗೆ ಹೇಳಿ ಕಳಿಸಿದಳು.

ಮರುದಿನ ಹುಡುಗಿ ಬಂದು ಹೊಲ ಸುತ್ತಿದಳು. ಆಚೆ ಬದುವಿನ ಪಕ್ಕದ ಮೂರು ಸಾಲು ಮಾತ್ರ ಕಡುಹಸಿರಾಗಿದ್ದವು.

"ಅಲ್ಲಿ ಬಿತ್ತಿದ್ದು ಯಾವ ಬೀಜ ಮಾವ?"

"ಅದೂ ಇವಳದ್ದೇ."

"ಹಾಗಾದ್ರೆ ಅದು ಅಲ್ಲಿ ಎಳೇದು, ಇಲ್ಲಿ ಮುದೀನಾ?"

ಹೊಲಕ್ಕೆ ಏನು ಮಾಡಿಸಿದ್ರಿ ಎಂದು ಹುಡುಗಿ ಕೇಳಿದಾಗ ಯಜಮಾನ ನಡೆದದ್ದು ಹೇಳಿದ. ಹೋದ ಬೇಸಿಗೆಯಲ್ಲಿ ಅವನು ಯಂತ್ರ ತರಿಸಿ ಹೊಲ ಮಟ್ಟ ಮಾಡಿಸಿದ್ದ. ಮೇಲ್ಮಣ್ಣೆಲ್ಲ ಆ ಬದುವಿನ ಕಡೆಗೆ ಹೋಗಿತ್ತು.

"ಗಿಡಕ್ಕೆ ಜಿಂಕ್ ಬೇಕು, ಸತು ಅಂತೀವಲ್ಲ, ಅದು. ಚೂರೇ ಚೂರು. ಅದು ಮೇಲ್ಮಣ್ಣಲ್ಲಿ ಹೆಚ್ಚು. ನೀವು ಅದನ್ನೇ ಆ ಕಡೆ ತಳ್ಳಿಸಿದ್ದೀರಿ."

"ಗಟ್ಟಿ ಬೀಜ ಆಗಿದ್ರೆ ಹೇಗೋ ಎಳ್ಕೊಳ್ತಿತ್ತು ಬಿಡು."

ಹುಡುಗಿ ಒಂದು ಗಿಡ ಕಿತ್ತು ಬೇರು ತೋರಿಸಿದಳು. "ಎಳ್ಕೊಳ್ಳೋಕೆ ಒದ್ದಾಡ್ತಾನೇ ಇದೆ ಮಾವ. ಬೇರಿನ ಜೀವಕೋಶದ ಮೈಮೇಲೆ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲುಗಳಿವೆ. ಜಿಂಕ್ ಒಳಗೆ ಬರೋದು ಅಲ್ಲಿಂದ. ಬಾಗಿಲು ಮಾಡೋ ವಿಧಾನ ಬೀಜದ ಜೀನ್‌ಗಳಲ್ಲಿ ಬರೆದಿರುತ್ತೆ. ಒಳಗೆ ಜಿಂಕ್ ಕಮ್ಮಿಯಾದ್ರೆ ಇನ್ನೊಂದು ಪ್ರೋಟೀನ್ ಅದನ್ನ ಗುರುತಿಸಿ ಆ ಜೀನ್‌ಗಳನ್ನ ಎಬ್ಬಿಸುತ್ತೆ. ಆಗ ಇನ್ನಷ್ಟು ಬಾಗಿಲು ಬರ್ತವೆ. ಒಳಗೆ ಬಂದದ್ದನ್ನ ನೀರಿನ ನಾಳಕ್ಕೆ ದಾಟಿಸಿ ಎಲೆಗೆ ಕಳಿಸೋಕೆ ಬೇರೆ ಪ್ರೋಟೀನ್‌ಗಳಿವೆ."

"ನಮ್ಮನೇಲೂ ಇಷ್ಟು ಜನ ಕೆಲಸ ಮಾಡಲ್ಲ," ಎಂದಳು ಹೆಂಡತಿ, ಗಂಡನ ಕಡೆ ನೋಡದೆ.

"ಬಾಗಿಲು ಎಷ್ಟಿದ್ರೇನು ಅತ್ತೆ, ಹೊರಗೆ ಜಿಂಕೇ ಇಲ್ಲದಿದ್ರೆ? ಬೀಜ ತನ್ನ ಕೆಲಸ ಮಾಡಿದೆ."

"ಅಂದ್ರೆ ಹೊಲ ಮಟ್ಟ ಮಾಡ್ಸಿದ್ದೇ ನನ್ನ ತಪ್ಪು?"

"ಮಟ್ಟ ಮಾಡ್ಸಿದ್ದು ತಪ್ಪಲ್ಲ. ಆಮೇಲೆ ಮಣ್ಣು ಪರೀಕ್ಷೆ ಮಾಡಿಸ್ಲಿಲ್ವಲ್ಲ, ಅದು."

ಯಜಮಾನ ಪೂರ್ತಿ ಒಪ್ಪಲಿಲ್ಲ. "ನಿನ್ನ ಜಿಂಕನ್ನ ನಾಲ್ಕೇ ಸಾಲಿಗೆ ಹೊಡೆಯೋಣ. ನೋಡೋಣ," ಎಂದ. ಹುಡುಗಿ ಜಿಂಕ್ ಸಲ್ಫೇಟನ್ನು ಅಳತೆ ಮಾಡಿ ನೀರಿಗೆ ಹಾಕಿ, ಎಲೆ ಸುಡದಂತೆ ಸಲ್ಫೇಟಿನ ಅರ್ಧದಷ್ಟು ಸುಣ್ಣ ಬೆರೆಸಿ, ಎಲೆಗೆ ಸಿಂಪಡಿಸಿದಳು. ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋದಳು.

ಹತ್ತು ದಿನದ ಹೊತ್ತಿಗೆ ಆ ನಾಲ್ಕು ಸಾಲಿನಲ್ಲಿ ಬಂದ ಸುಳಿ ಹಸಿರಾಗಿತ್ತು. ಮಣ್ಣಿನ ವರದಿಯೂ ಬಂತು: ಜಿಂಕ್ ಕಡಿಮೆ. ಯಜಮಾನ ಉಳಿದ ಸಾಲುಗಳಿಗೆ ತಾನೇ ಸಿಂಪಡಿಸಿ, ಕೈಕಾಲು ತೊಳೆದು ಊಟಕ್ಕೆ ಕೂತ. ಅರ್ಧ ಊಟವಾದ ಮೇಲೆ ಹೇಳಿದ.

"ಈ ಸಲ ಬೀಜದ ತೆನೆ ಆರಿಸೋವಾಗ ನನ್ನೂ ಕರಿ."

"ಕರೀತೀನಿ. ಬುಟ್ಟಿ ಹೊರೋರು ಬೇಕು," ಎಂದು ಅವಳು ಇನ್ನೊಂದು ಸೌಟು ಬಡಿಸಿದಳು.

ರೈತ ಬಂಧುಗಳೇ, ಎಲೆ ಬೆಳ್ಳಗಾದ ಕೂಡಲೇ ಬೀಜವನ್ನು ದೂರಬೇಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹೊಲ ಮಟ್ಟ ಮಾಡಿಸಿದ್ದರಂತೂ ತಪ್ಪದೇ ಮಾಡಿಸಿ. ಜಿಂಕ್ ಕಡಿಮೆಯಿದ್ದರೆ ಮಾತ್ರ, ಹೇಳಿದ ಅಳತೆಯಲ್ಲಿ ಕೊಡಿ. ನಿಮ್ಮ ಮನೆಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಆರಿಸಿ ಉಳಿಸಿದ ಬೀಜ ಸುಲಭಕ್ಕೆ ಮತ್ತೆ ಸಿಗುವಂಥದ್ದಲ್ಲ.