ಬಟಾಣಿ ತುಂಬಿದ ಐಸ್‌ಕ್ರೀಮ್ ಡಬ್ಬಿ

ರೇಡಿಯೋದಲ್ಲಿ ಆ ಸುದ್ದಿ ಬಂದಾಗ ಇಸ್ತ್ರಿಯಮ್ಮ ದಿನಸಿ ಅಂಗಡಿಯವನ ಬಿಳಿ ಅಂಗಿಯ ಕಾಲರನ್ನು ತೀಡುತ್ತಿದ್ದಳು. ಕೈ ಅಲ್ಲೇ ನಿಂತಿತು. ಕಾಲರು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಮೂಗಿಗೆ ಬಡಿಯುವವರೆಗೂ ಆಕೆಗೆ ಮೈಮೇಲೆ ಎಚ್ಚರವಿರಲಿಲ್ಲ. ಲಾಂಡ್ರಿ ಇಟ್ಟ ಮೇಲೆ ಅವಳು ಸುಟ್ಟ ಮೊದಲ ಅಂಗಿ ಅದು. ಬಟ್ಟೆ ಸುಟ್ಟೂ ನಕ್ಕಿದ್ದು ಕೂಡ ಅದೊಂದೇ ಸಲ.

ಸುದ್ದಿ ಇಷ್ಟೇ. ಒಂದು ಕಂಪನಿಯ ದೊಡ್ಡ ಡಬ್ಬಿ ಐಸ್‌ಕ್ರೀಮಿನಲ್ಲಿ ಚಳಿಗೂ ಸಾಯದ ರೋಗಾಣು ಸಿಕ್ಕಿದೆಯಂತೆ. ಯಾರೂ ತಿನ್ನಬಾರದು, ಕೊಂಡ ಅಂಗಡಿಗೆ ಮರಳಿಸಿದರೆ ಪೂರಾ ಹಣ ವಾಪಸ್. ಹೇಳಿದ ಹೆಸರು ಅವಳ ಮನೆಗೆ ಬಂದಿದ್ದ ಐಸ್‌ಕ್ರೀಮಿನದೇ.

ಹಿಂದಿನ ತಿಂಗಳು ಅವಳು ಬೀಗರನ್ನು ಊಟಕ್ಕೆ ಕರೆದಿದ್ದಳು. ಬೀಗರು ಬಸ್ ಡ್ರೈವರು, ಒಳ್ಳೆಯ ಊಟಗಾರರು. ಊಟದ ಮೇಲೆ ಐಸ್‌ಕ್ರೀಮನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದರು. ಉಳಿದವರ ಹೊಟ್ಟೆ ಒಂದೆರಡು ದಿನ ಗುಡುಗುಡು ಅಂದು ಸುಮ್ಮನಾಯಿತು. ಬೀಗರು ಮಾತ್ರ ಜ್ವರ ಬಂದು ಆಸ್ಪತ್ರೆ ಸೇರಿದರು. ಮನೆಗೆ ಬಂದಿದ್ದರೂ ಸ್ಟೀರಿಂಗ್ ಹಿಡಿಯುವ ಶಕ್ತಿ ಇನ್ನೂ ಕೈಗೆ ಬಂದಿರಲಿಲ್ಲ. ಬೀಗಿತ್ತಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು. "ಊಟಕ್ಕೆ ಕರೆದು ಆಸ್ಪತ್ರೆಗೆ ಕಳಿಸಿಬಿಟ್ರಲ್ಲ, ತುಂಬಾ ಉಪಕಾರ ಆಯ್ತು." ಅಂದಿನಿಂದ ಆಕೆ ಈ ಮನೆಯ ಹೊಸಿಲು ತುಳಿದಿರಲಿಲ್ಲ. ಸೊಸೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತೆ, ಅತ್ತ ಅಪ್ಪನ ಆರೈಕೆ, ಇತ್ತ ಅತ್ತೆಯ ಮುಖ ಎಂದು ಓಡಾಡುತ್ತಿದ್ದಳು. ನೂರು ಜನರಿಗೆ ಬಡಿಸಿ ಸೈ ಅನ್ನಿಸಿಕೊಂಡ ತನ್ನ ಕೈಗೆ ಇಂಥ ಕಳಂಕ ಬಂತಲ್ಲ ಎಂದು ಇಸ್ತ್ರಿಯಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ.

ಈಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತವರಿನಲ್ಲಿದ್ದ ಸೊಸೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಸೊಸೆಯ ದನಿಯಲ್ಲಿ ಮಾತ್ರ ಹುರುಪಿರಲಿಲ್ಲ. ಸುದ್ದಿ ಅವರಿಗೂ ಬೆಳಿಗ್ಗೆಯೇ ಗೊತ್ತಾಗಿ ಕಂಪನಿಗೆ ಫೋನು ಮಾಡಿದ್ದರಂತೆ. ಡಬ್ಬಿ ಇದೆಯೇ ಎಂದು ಕಂಪನಿಯವನು ಕೇಳಿದನಂತೆ, ಸೊಸೆ ಗೊತ್ತಿಲ್ಲ ಎಂದಳಂತೆ. ಡಬ್ಬಿ ಇಲ್ಲದ ಮೇಲೆ ನಮ್ಮದೇ ಐಸ್‌ಕ್ರೀಮು ಎಂದು ಹೇಗೆ ಹೇಳುತ್ತೀರಿ, ಆ ದಿನದ ಪಲ್ಯವೂ ಇರಬಹುದು, ಸಾರೂ ಇರಬಹುದು, ಆದರೂ ಮಾನವೀಯತೆಯಿಂದ ಏನಾದರೂ ಕೊಡುತ್ತೇವೆ, ಮಧ್ಯಾಹ್ನ ಬರುತ್ತೇನೆ, ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು ಎಂದನಂತೆ.

"ಅಮ್ಮ ಏನಂದ್ರು?" ಎಂದು ಇಸ್ತ್ರಿಯಮ್ಮ ಕೇಳಿದಳು.

ಸೊಸೆ ದನಿ ತಗ್ಗಿಸಿದಳು. "ಅತ್ತೆ, 'ನೋಡು, ಕಂಪನಿಯವರೇ ಪಲ್ಯ ಅಂತಿದ್ದಾರೆ' ಅಂದ್ರು."

ಕರಿ ಕೋಟು ಒಯ್ಯಲು ಬಂದಿದ್ದ ಮಹಡಿ ಮನೆಯ ವಕೀಲಮ್ಮ ಕೌಂಟರಿನ ಆಚೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಕೋಟಿನ ಮಾತೇ ಮರೆತು, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿದಳು. ಆಗಿತ್ತು. ರೇಡಿಯೋದಲ್ಲಿ ಹೇಳಿದ ರೋಗಾಣುವಿನ ಆ ನಾಲಿಗೆ ಹೊರಳದ ಹೆಸರೇ ವರದಿಯಲ್ಲೂ ಇದೆ ಎಂದು ಸೊಸೆ ಫೋನಿನಲ್ಲೇ ಓದಿ ಹೇಳಿದಳು. ವಕೀಲಮ್ಮನ ಕಣ್ಣು ಮಿಂಚಿತು. ಕೆಟ್ಟ ಮಾಲು ಮಾಡಿ ಮಾರಿದವನು ಆಸ್ಪತ್ರೆಯ ಖರ್ಚು, ಹೋದ ಸಂಬಳ, ಪಟ್ಟ ಯಾತನೆ ಎಲ್ಲಕ್ಕೂ ಹೊಣೆಗಾರ ಎಂದು ವಿವರಿಸಿದಳು. ಕಾರ್ಖಾನೆಯಲ್ಲಿ ಯಾರ ಕೈತಪ್ಪಿನಿಂದ ಆಯಿತು ಎಂದು ನಾವು ಹುಡುಕಿ ತೋರಿಸಬೇಕಾಗಿಲ್ಲವಂತೆ. ಗ್ರಾಹಕರ ನ್ಯಾಯಾಲಯ ಇದೆ, ಆರೋಗ್ಯ ಇಲಾಖೆಗೆ ದೂರು ಕೊಡಬಹುದು, ಕಾಯಿಲೆ ಬಿದ್ದವರು ಇನ್ನೂ ಇದ್ದರೆ ಒಟ್ಟಿಗೇ ಕೇಸು ಹಾಕಬಹುದು.

"ಆದ್ರೆ ಅಮ್ಮಾ, ಆ ಕಾಗದಕ್ಕೆ ಸಹಿ ಹಾಕಿದ್ರೆ ಎಲ್ಲಾ ಬಾಗಿಲೂ ಮುಚ್ಚಿದ ಹಾಗೆ. ಡಬ್ಬಿ ಇದೆಯಾ?"

"ಫ್ರಿಜ್‌ನಲ್ಲಿದೆ. ಈಗ ತರ್ತೀನಿ," ಎಂದು ಇಸ್ತ್ರಿಯಮ್ಮ ಲಾಂಡ್ರಿಯ ಹಿಂದಿನ ಮನೆಗೆ ಓಡಿದಳು.

ಡಬ್ಬಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಚೌಕಾಕಾರದ ಖಾಲಿ ಗುರುತು ಮಂಜಿನ ನಡುವೆ ಬಾಯಿಬಿಟ್ಟುಕೊಂಡು ಕೂತಿತ್ತು.

ಅಷ್ಟರಲ್ಲಿ ಯಜಮಾನರು ಸಿಳ್ಳೆ ಹಾಕುತ್ತ ಒಳಗೆ ಬಂದರು. ಬೆಳಗಿನ ಸುದ್ದಿ ಕೇಳಿದ್ದೇ ತಾವು ಡಬ್ಬಿಯನ್ನು ದಿನಸಿ ಅಂಗಡಿಗೆ ಒಯ್ದು ಮರಳಿಸಿ, ಪೂರಾ ಹಣ ಎಣಿಸಿಕೊಂಡು ಬಂದದ್ದಾಗಿ ಹೇಳಿದರು. ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಇರಬೇಕಲ್ಲ ಎಂದೂ ಸೇರಿಸಿದರು.

"ರೀ, ಅದರಲ್ಲಿ ಬಟಾಣಿ ಇತ್ತು."

"ಯಾವುದರಲ್ಲಿ?"

"ಆ ಡಬ್ಬೀಲಿ. ಅಷ್ಟು ಬಿಗಿ ಮುಚ್ಚಳದ ಡಬ್ಬಿ ಐಸ್‌ಕ್ರೀಮಿಗೆ ಯಾಕೆ ದಂಡ ಅಂತ ತೊಳೆದು ಬಟಾಣಿ ತುಂಬಿದ್ದೆ. ಮುಚ್ಚಳ ತೆಗೆದು ನೋಡಲಿಲ್ವಾ?"

"ಅವರೂ ನೋಡಲಿಲ್ಲ," ಎಂದರು ಯಜಮಾನರು, ಅದೇ ದೊಡ್ಡ ಸಮರ್ಥನೆ ಎಂಬಂತೆ.

ಹಿಂದೆಯೇ ಬಂದಿದ್ದ ವಕೀಲಮ್ಮ ನಗು ತಡೆದುಕೊಂಡು, ಹಾಗಾದರೆ ಉಳಿದ ಐಸ್‌ಕ್ರೀಮು ಎಲ್ಲಿ ಹೋಯಿತು ಎಂದು ಕೇಳಿದಳು. ಇಸ್ತ್ರಿಯಮ್ಮ ಒಂದು ಕ್ಷಣ ಕಣ್ಣುಮುಚ್ಚಿ ನಿಂತಳು. ಆಮೇಲೆ ಮೊಣಕೈವರೆಗೆ ಫ್ರೀಜರಿನೊಳಗೆ ಕೈ ಹಾಕಿ, ಮಂಜಿನ ಗುಡ್ಡೆಯ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿಯನ್ನು ಮುಂದಕ್ಕೆ ಎಳೆದಳು. ಊಟದ ದಿನ ಸಂಜೆ ಉಳಿದದ್ದನ್ನು ಅದಕ್ಕೆ ಸುರಿದಿಟ್ಟಿದ್ದಳು. ಆಮೇಲೆ ಹೊಟ್ಟೆ ಕೆಟ್ಟ ಮನೆಯಲ್ಲಿ ಅದರ ನೆನಪು ಯಾರಿಗಿರುತ್ತದೆ.

ವಕೀಲಮ್ಮ ಅದನ್ನು ಫ್ರೀಜರಿನಲ್ಲೇ ಇರಿಸಿ ಫೋಟೋ ತೆಗೆದಳು, ಸುತ್ತ ಟೇಪು ಸುತ್ತಿಸಿದಳು. ಪ್ರಯೋಗಾಲಯದವರು ಬಂದು ಒಯ್ಯುವವರೆಗೆ ಯಾರೂ ಮುಟ್ಟಬಾರದು. ಇದರಲ್ಲಿರುವ ರೋಗಾಣುವೂ ಬೀಗರ ರಕ್ತದ್ದೂ ಒಂದೇ ಎಂದಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅಂಗಡಿಯಲ್ಲಿತ್ತು. ಇದು ವಾಪಸ್ ಕರೆಸಿದ ಮಾಲೇ ಎಂದು ತೋರಿಸುವ ನಂಬರು ಇದ್ದದ್ದು ಆ ಡಬ್ಬಿಯ ತಳದಲ್ಲಿ. ಇಸ್ತ್ರಿಯಮ್ಮ ಒಂದು ಕುರ್ಚಿ ಎಳೆದು ಫ್ರಿಜ್ಜಿನ ಮುಂದೆ ಹಾಕಿ, ಬುದ್ಧಿವಂತರು ಇಲ್ಲಿ ಕೂತಿರಲಿ ಎಂದು ಯಜಮಾನರ ಕೈಯಿಂದ ವಾಪಸ್ ಬಂದ ಹಣವನ್ನು ಇಸಿದುಕೊಂಡಳು.

ವಕೀಲಮ್ಮನ ಸ್ಕೂಟರಿನ ಹಿಂದೆ ಆಕೆ ಕೂತದ್ದು ಅದೇ ಮೊದಲು. ತಿರುವುಗಳಲ್ಲಿ ಮಂಡಿ ರಸ್ತೆಗೆ ತಾಗುತ್ತದೇನೋ ಅನ್ನಿಸಿತು, ಆದರೂ "ಇನ್ನೂ ಸ್ವಲ್ಪ ಜೋರಾಗಿ ಬಿಡಿ" ಎಂದವಳೂ ಅವಳೇ.

ಅಂಗಡಿಯ ಹಿಂಬಾಗಿಲಿಗೆ ಕಂಪನಿಯ ಲಾರಿ ಬಂದು ನಿಂತಿತ್ತು. ವಾಪಸ್ ಬಂದ ಡಬ್ಬಿಗಳ ರಾಶಿ ಗೋಡೆಯೆತ್ತರ, ಎಲ್ಲವೂ ಅವಳಿಜವಳಿ ಮಕ್ಕಳಂತೆ ಒಂದೇ ಥರ. ಎಲ್ಲವನ್ನೂ ಇವತ್ತೇ ನಾಶ ಮಾಡಲು ಕಳಿಸಬೇಕೆಂದು ಆದೇಶ ಬಂದಿದೆ, ಒಂದನ್ನೂ ಕೊಡುವಂತಿಲ್ಲ ಎಂದು ಅಂಗಡಿಯವನು ಕೈ ಅಲ್ಲಾಡಿಸಿದ. ವಕೀಲಮ್ಮ ಗದರಲಿಲ್ಲ. ನ್ಯಾಯಾಲಯದಲ್ಲಿ ಮಾರಿದವನನ್ನೂ ಕೇಳುತ್ತಾರೆ, ಸಾಕ್ಷಿಯನ್ನು ಉಳಿಸಿದ ಅಂಗಡಿ ಬೇರೆ, ಲಾರಿಗೆ ತುಂಬಿಸಿದ ಅಂಗಡಿ ಬೇರೆ, ತಪ್ಪು ಕಾರ್ಖಾನೆಯದು ಎಂದು ತೋರಿಸಲು ಅವನಿಗೂ ಇದೇ ಡಬ್ಬಿ ಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಅಂಗಡಿಯವನು ತಲೆ ಕೆರೆದುಕೊಂಡ.

"ಆಯ್ತು. ಆದ್ರೆ ಇದರಲ್ಲಿ ನಿಮ್ಮದು ಯಾವುದು ಅಂತ ಹೇಗಮ್ಮ ಗೊತ್ತಾಗತ್ತೆ?"

"ನನ್ನದರಲ್ಲಿ ಬಟಾಣಿ ಇದೆ," ಎಂದಳು ಇಸ್ತ್ರಿಯಮ್ಮ.

ಅವನು ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ಒಂದು ಮುಚ್ಚಳ ತೆಗೆದ, ಐಸ್‌ಕ್ರೀಮು. ಇನ್ನೊಂದರಲ್ಲಿ ರುಬ್ಬಿದ ಶುಂಠಿ. ಮತ್ತೊಂದರಲ್ಲಿ ಮೀನು. ಇನ್ನೊಂದರ ತುಂಬ ಬಣ್ಣಬಣ್ಣದ ಗುಂಡಿಗಳು, ಅದು ಫ್ರಿಜ್ಜನ್ನು ಕಂಡೇ ಇರಲಿಕ್ಕಿಲ್ಲ. ಅಂಗಡಿಯವನ ಮುಖ ನೋಡುವಂತಿತ್ತು. ಬೆಳಗಿನಿಂದ ಅವನು ಊರವರ ಶುಂಠಿಗೂ ಗುಂಡಿಗೂ ಐಸ್‌ಕ್ರೀಮಿನ ದುಡ್ಡು ಕೊಟ್ಟಿದ್ದ. ಲಾರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ತಾನೂ ಕೂತು ಮುಚ್ಚಳ ತೆಗೆಯತೊಡಗಿದ. ಬಟಾಣಿಯ ಡಬ್ಬಿ ಸಿಕ್ಕಿತು. ಇಸ್ತ್ರಿಯಮ್ಮ ಸೆರಗಿನಲ್ಲಿ ಅಪ್ಪಿಕೊಳ್ಳುವಷ್ಟರಲ್ಲಿ ಲಾರಿಯವನು, "ಇಲ್ಲೂ ಬಟಾಣಿ ಇದೆಯಲ್ಲ" ಎಂದು ಎರಡನೆಯದನ್ನು ಎತ್ತಿ ಹಿಡಿದ.

ಎರಡರ ತಳದ ನಂಬರುಗಳೂ ಬೇರೆ ಬೇರೆ. ವಕೀಲಮ್ಮನ ಮುಖ ಸಪ್ಪಗಾಯಿತು. ತಪ್ಪು ಡಬ್ಬಿ ಹಿಡಿದು ಹೋದರೆ ಕಂಪನಿಯವನು ಹೊಸಿಲಲ್ಲೇ ನಮ್ಮ ವಾದವನ್ನು ಹರಿದುಹಾಕುತ್ತಾನೆ.

ಇಸ್ತ್ರಿಯಮ್ಮ ಮಾತ್ರ ಎರಡೂ ಮುಚ್ಚಳಗಳನ್ನು ತಿರುಗಿಸಿ ಒಳಬದಿಯನ್ನು ನೋಡಿದಳು, ಡಬ್ಬಿಗಳ ಅಂಚನ್ನೂ ನೋಡಿದಳು. ಒಂದರ ಮೇಲೆ ಎರಡೂ ಕಡೆ ಪುಟ್ಟ ಕಪ್ಪು ಗುರುತಿತ್ತು, ಒಂದು ಸುತ್ತು, ಅದರೊಳಗೆ ಚುಕ್ಕೆ. ಲಾಂಡ್ರಿಯವರು ಬಟ್ಟೆ ಬೆರೆಯದಂತೆ ಹಾಕುವ, ಎಷ್ಟು ಒಗೆದರೂ ಹೋಗದ ಶಾಯಿಯ ಗುರುತು. ಅವಳ ಮನೆಯಲ್ಲಿ ಚೊಂಬಿನಿಂದ ಪೊರಕೆಯವರೆಗೆ ಅದಿಲ್ಲದ ವಸ್ತುವಿಲ್ಲ. ಯಜಮಾನರ ಕೊಡೆಗೂ ಚಪ್ಪಲಿಗೂ ಇತ್ತು. ಅವರಿಗೊಬ್ಬರಿಗೆ ಹಾಕುವುದು ಬಾಕಿ ಎಂದು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದರು. ಅಂಗಡಿಯವನಿಗೂ ಆ ಗುರುತು ಚೆನ್ನಾಗಿ ಗೊತ್ತಿತ್ತು, ಅವನು ತೊಟ್ಟ ಅಂಗಿಯ ಒಳಮಡಿಕೆಯಲ್ಲೇ ಅದಿತ್ತು.

ಹಣ ವಾಪಸ್, ಡಬ್ಬಿ ವಾಪಸ್. ಇದನ್ನು ತಾನೇ ಮಾರಿದ್ದು, ಇವತ್ತು ಇವರ ಮನೆಯಿಂದಲೇ ಬಂದದ್ದು ಎಂದು ಅಂಗಡಿಯವನು ಬರೆದು ಸಹಿ ಮಾಡಿದ. ಅವನ ಬಿಳಿ ಅಂಗಿಯ ಕಾಲರಿನ ಗತಿಯನ್ನು ಇಸ್ತ್ರಿಯಮ್ಮ ಸಹಿಯ ಶಾಯಿ ಒಣಗಿದ ಮೇಲೆ ಹೇಳಿದಳು, ಹೊಸದು ತಂದುಕೊಡುವ ಮಾತಿನ ಜೊತೆಗೆ.

ಬೀಗರ ಮನೆಯ ಮುಂದೆ ಬೂದು ಕಾರು ನಿಂತಿತ್ತು. ಒಳಗೆ ಮೇಜಿನ ಮೇಲೆ ಹಣ್ಣಿನ ಬುಟ್ಟಿ, ಅದರ ಪಕ್ಕ ಕಾಗದ, ದಿಂಬಿಗೆ ಒರಗಿ ಕೂತ ಬೀಗರ ಕೈಯಲ್ಲಿ ಪೆನ್ನು.

"ಬೀಗರೇ, ಕೈ ಎತ್ತಿ," ಎಂದಳು ಇಸ್ತ್ರಿಯಮ್ಮ ಬಾಗಿಲಿನಿಂದಲೇ. ನೆಟ್ಟಗೆ ಬಂದು ಡಬ್ಬಿಯನ್ನು ಕಾಗದದ ಮೇಲೆಯೇ ಇಟ್ಟಳು.

ಕಂಪನಿಯವನು ತಳದ ನಂಬರನ್ನು ತನ್ನ ಫೋನಿನ ಪಟ್ಟಿಗೆ ಹೋಲಿಸಿ ನೋಡಿದ. ಇನ್ನೊಂದು ಸಲ ನೋಡಿದ. ಮುಚ್ಚಳ ತೆಗೆದು, ಐಸ್‌ಕ್ರೀಮಿಲ್ಲದ ಡಬ್ಬಿ ಏನನ್ನೂ ಹೇಳುವುದಿಲ್ಲ ಎಂದು ಶುರು ಮಾಡಿದ. ಉಳಿದ ಐಸ್‌ಕ್ರೀಮು ಮನೆಯ ಫ್ರೀಜರಿನಲ್ಲಿದೆ, ಕಾವಲಿಗೆ ಮನುಷ್ಯನನ್ನು ಕೂರಿಸಿದ್ದೇವೆ, ಪರೀಕ್ಷೆಗೆ ನಿಮ್ಮವರೂ ಬರಬಹುದು ಎಂದು ವಕೀಲಮ್ಮ ಹೇಳಿದಾಗ ಅವನ ದನಿ ಇಳಿಯಿತು. ಮೇಲಿನವರೊಂದಿಗೆ ಮಾತಾಡಬೇಕು ಎಂದು ಕಾಗದವನ್ನು ಡಬ್ಬಿಯ ಅಡಿಯಿಂದ ಮೆಲ್ಲಗೆ ಎಳೆದುಕೊಂಡು ಎದ್ದ. ಹಣ್ಣಿನ ಬುಟ್ಟಿಯನ್ನು ಬೀಗಿತ್ತಿಯೇ ಅವನ ಕೈಗೆ ಹಿಂದಕ್ಕೆ ಕೊಟ್ಟಳು.

ಕಾರು ಹೋಯಿತು. ಕೇಸು ಗೆದ್ದಿಲ್ಲ, ಇನ್ನು ಶುರುವಾಗಬೇಕು, ತಿಂಗಳುಗಟ್ಟಲೆ ಹಿಡಿಯಬಹುದು ಎಂದು ವಕೀಲಮ್ಮ ಎಚ್ಚರಿಸಿದ್ದನ್ನು ಬೀಗಿತ್ತಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಆಕೆ ಡಬ್ಬಿಯ ಮುಚ್ಚಳ ಎತ್ತಿ ಬಟಾಣಿ ನೋಡುತ್ತಿದ್ದಳು.

"ತೊಳೆದು ತುಂಬಿದ್ರಾ?"

"ಇಷ್ಟು ಒಳ್ಳೆ ಡಬ್ಬಿ, ಬಿಸಾಡೋಕೆ ಮನಸ್ಸು ಬರುತ್ತಾ?"

ಬೀಗಿತ್ತಿ ಎದ್ದು ತನ್ನ ಫ್ರಿಜ್ಜಿನ ಬಾಗಿಲು ತೆರೆದಳು. ಮೇಲಿನ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಐಸ್‌ಕ್ರೀಮ್ ಡಬ್ಬಿಗಳು ಸಾಲಾಗಿ ಕೂತಿದ್ದವು, ಒಂದರಲ್ಲೂ ಐಸ್‌ಕ್ರೀಮು ಇರಲಿಲ್ಲ. ಸೊಸೆ ಮೊದಲು ನಕ್ಕಳು, ಆಮೇಲೆ ಅವಳಮ್ಮ, ಆಮೇಲೆ ಹೊಟ್ಟೆ ನೋಯುತ್ತದೆ ನಗಿಸಬೇಡಿ ಎನ್ನುತ್ತ ಬೀಗರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದಳು ಬೀಗಿತ್ತಿ, ಫ್ರಿಜ್ಜಿನ ಕಡೆಗೇ ಮುಖ ಮಾಡಿಕೊಂಡು. "ಇವರು ಸ್ವಲ್ಪ ಸುಧಾರಿಸ್ಕೊಳ್ಳಲಿ. ಆಮೇಲೆ ಒಂದಿನ ನಿಮ್ಮನೆಗೆ ಊಟಕ್ಕೆ ಬರ್ತೀವಿ. ಪಲ್ಯ ಜಾಸ್ತಿ ಮಾಡಿ."